ಕುಷ್ಟಗಿಯಲ್ಲಿ ಕಲಿತ ಪಾಪದ ಅರಿಕೆ

“ಯಾವ ತಪ್ಪಿಗೆ ನಿಮ್ಮನ್ನ ಈ ಊರಿಗೆ ಹಾಕ್ಯಾರ್ರಿ?”

ಕುಷ್ಟಗಿಯಲ್ಲಿ ಮೋಟಾರಿನಿಂದ ಇಳಿದು ನೆಲಕ್ಕೆ ಕಾಲಿಟ್ಟ ಕೂಡಲೇ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಕೇಳಿದವಳು ಇಮಾಂಬಿ. ಐವತ್ತು ದಾಟಿದ ವಿಧವೆ. ಮಿಷನ್ನಿನ ದವಾಖಾನೆಯಲ್ಲಿ ನೀರು ಕಾಯಿಸಿ, ಶೀಶೆ ತೊಳೆದು, ಕಸ ಗುಡಿಸುವ ಹೆಂಗಸು. ನಮ್ಮ ಮನೆಯ ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಬೆಳಗಿನಿಂದ ನಮಗಾಗಿ ಕಾದು ಕುಳಿತಿದ್ದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಪ್ರಯಾಣ ಸುಖವಾಯಿತೇ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದ್ದಳು. ಮೇಲಿನವರ ಸಿಟ್ಟಿಗೆ ಗುರಿಯಾದವರು ಮಾತ್ರ ಈ ಒಣಸೀಮೆಗೆ ವರ್ಗವಾಗಿ ಬರುತ್ತಾರೆ ಎಂಬುದು ಊರಿನವರ ನಂಬಿಕೆ ಎಂದು ಆಮೇಲೆ ತಿಳಿಯಿತು.

ನಾನೂ ನನ್ನ ಗಂಡ ದೇವದಾಸರೂ ಮುಖ ಮುಖ ನೋಡಿಕೊಂಡೆವು. ಅವರು ಉಪದೇಶಿ, ಅಂದರೆ ಹಳ್ಳಿ ಹಳ್ಳಿ ತಿರುಗಿ ಸುವಾರ್ತೆ ಹೇಳುವವರು. ನಾನು ದವಾಖಾನೆಯ ನರ್ಸು, ಹೆರಿಗೆ ಮಾಡಿಸುವುದನ್ನೂ ಔಷಧಿ ಕೂಡಿಸುವುದನ್ನೂ ಕಲಿತವಳು. ಪಾಪ ಎಂದರೇನು, ಅದರಿಂದ ಬಿಡುಗಡೆ ಹೇಗೆ ಎಂದು ಇನ್ನೊಬ್ಬರಿಗೆ ತಿಳಿಸಲು ಮಂಗಳೂರಿನಿಂದ ಹೊರಟು ಬಂದವರು ನಾವು. ತಪ್ಪು ಮಾಡಿದವರು ನೀವೇ ಅಲ್ಲವೇ ಎಂದು ಯಾರಾದರೂ ಕೇಳಿಯಾರು ಎಂದು ಎಣಿಸಿರಲಿಲ್ಲ.

ಮಂಗಳೂರಿನ ನಮ್ಮ ಸಭೆಯ ಅಕ್ಕತಂಗಿಯರು ಪತ್ರ ಬರೆದಾಗಲೆಲ್ಲ, ಅಲ್ಲಿನ ಬದುಕು ಹೇಗಿದೆ ಬರೆಯಿರಿ ಎಂದು ಕೇಳುತ್ತಾರೆ. ಇಷ್ಟು ವರ್ಷ ನಾನು ಬಿಸಿಲು, ನೀರು, ರೊಟ್ಟಿ ಎಂದು ಬರೆದು ಮುಗಿಸುತ್ತಿದ್ದೆ. ಈ ಸಲ ಬಿಟ್ಟದ್ದನ್ನೂ ಬರೆಯುತ್ತೇನೆ.

ಬಂದದ್ದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚೆ. ಘಟ್ಟ ಹತ್ತಿ ಹುಬ್ಬಳ್ಳಿ ಸೇರಿ, ಅಲ್ಲಿಂದ ರೈಲಿನಲ್ಲಿ ಕೊಪ್ಪಳಕ್ಕೆ ಬಂದು, ಮತ್ತೆ ಮೋಟಾರು ಹಿಡಿಯಬೇಕು. ಕೊಪ್ಪಳದಲ್ಲಿ ಇಳಿಯುವಾಗಲೇ ಬೇರೊಂದು ರಾಜ್ಯ. ನಿಜಾಮರ ಸುಂಕದವರು ನಮ್ಮ ಪೆಟ್ಟಿಗೆಗಳನ್ನು ಬಿಚ್ಚಿಸಿ, ತಾಯಿ ಕಟ್ಟಿಕೊಟ್ಟ ಒಣಮೀನಿನ ಡಬ್ಬಿಯ ಮುಚ್ಚಳ ತೆಗೆದು, ಮೂಗು ಮುಚ್ಚಿಕೊಂಡು ಬೇಗ ಬೇಗ ನಮ್ಮನ್ನು ಮುಂದೆ ಕಳಿಸಿದರು. ಗೋಡೆಯ ಮೇಲಿನ ಬರಹವೆಲ್ಲ ಉರ್ದು. ಕಚೇರಿಯ ಕಾಗದಗಳಲ್ಲಿ ತಿಂಗಳುಗಳ ಹೆಸರು ಕೂಡ ಬೇರೆ. ಅಂದು ಯಾವ ತಾರೀಖು ಎಂದು ದೇವದಾಸರು ಕೇಳಿದ್ದಕ್ಕೆ ಗುಮಾಸ್ತ ಹೇಳಿದ್ದು ನಮಗೆ ತಿಳಿಯಲಿಲ್ಲ, ನಾವು ಹೇಳಿದ್ದು ಅವನಿಗೆ ಹಿಡಿಸಲಿಲ್ಲ.

ನನ್ನ ತಂದೆ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ಮನೆ ಎಂದರೆ ನನ್ನ ಕಣ್ಣಿಗೆ ಮೊದಲು ಕಾಣುವುದು ಇಳಿಜಾರಾದ ಕೆಂಪು ಹಂಚು, ಅದರ ತುದಿಯಿಂದ ಸುರಿಯುವ ನೀರು. ಇಲ್ಲಿಯ ಮನೆಗೆ ಮೇಲೆ ಮಣ್ಣಿನ ಮಾಳಿಗೆ, ಚಪ್ಪಟೆ. ಕಿಟಕಿ ಇಲ್ಲ, ಮಾಳಿಗೆಯಲ್ಲಿ ಕೊರೆದ ಒಂದು ಬೆಳಕಿಂಡಿಯಿಂದ ಬಿಸಿಲಿನ ಕೋಲು ಒಳಗಿಳಿದು, ಹೊತ್ತು ಏರಿದಂತೆ ಗೋಡೆಯಿಂದ ಗೋಡೆಗೆ ಸರಿಯುತ್ತದೆ. ಮಳೆ ಬಂದು ಸೋರಿದರೆ ಮೇಲೆ ಹತ್ತಿ ಸವುಳು ಮಣ್ಣು ಹರವಿ ತುಳಿಯಬೇಕು. ನಮ್ಮೂರಿನಲ್ಲಿ ನೀರು ಮನೆಯಿಂದ ಹೊರಗೆ ಓಡುವುದನ್ನು ನೋಡುತ್ತಿದ್ದವಳು, ಇಲ್ಲಿ ಒಂದು ಕೊಡ ಸಿಹಿನೀರಿಗಾಗಿ ಬಾವಿಯ ಬಳಿ ನಿಂತಿರುತ್ತಿದ್ದೆ. ಕ್ರೈಸ್ತರು ಯಾವ ಜಾತಿ ಎಂದು ಊರಿಗೆ ತೀರ್ಮಾನವಾಗದ ಕಾರಣ ಹಗ್ಗ ಮುಟ್ಟುವ ಹಾಗಿರಲಿಲ್ಲ. ಯಾರಾದರೂ ಮನಸ್ಸು ಮಾಡಿ ಎತ್ತರದಿಂದ ಸುರಿಯಬೇಕು. ಹಾಗೆ ಮೊದಲು ಸುರಿದವಳು ಹಿಂದಿನ ಓಣಿಯ ನೀಲವ್ವ. ಆಗಷ್ಟೇ ಮದುವೆಯಾಗಿ ಬಂದ ಸೊಸೆ, ಹದಿನೆಂಟು ದಾಟಿರಲಿಲ್ಲ.

ಭಾಷೆ ಕನ್ನಡವೇ, ಆದ್ದರಿಂದ ತೊಂದರೆಯಿಲ್ಲ ಎಂದುಕೊಂಡು ಬಂದಿದ್ದೆ. ನಮ್ಮದು ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ. “ನೋವು ಎಲ್ಲುಂಟು?” ಎಂದು ನಾನು ಕೇಳಿದರೆ ರೋಗಿ ಇಮಾಂಬಿಯ ಕಡೆ ತಿರುಗುತ್ತಿದ್ದ. ಅವಳು “ಎಲ್ಲಿ ಬ್ಯಾನಿ ಐತಿ ಅಂತ ಕೇಳಾಕತ್ಯಾರ” ಎಂದು ಕನ್ನಡವನ್ನು ಕನ್ನಡಕ್ಕೆ ತಿರುಗಿಸುತ್ತಿದ್ದಳು. “ಆರಾಮ ಇಲ್ರಿ” ಎಂದು ಒಬ್ಬ ಹೆಂಗಸು ಹೇಳಿದಾಗ, ಅವಳಿಗೆ ಬಿಡುವಿಲ್ಲ ಎಂದು ತಿಳಿದು ಹಾಗಾದರೆ ನಾಳೆ ಬಾ ಎಂದು ಕಳಿಸಿದ್ದೆ. ಅವಳಿಗೆ ಜ್ವರ. ಇಮಾಂಬಿ ಅವಳ ಹಿಂದೆ ಓಡಿಹೋಗಿ ಕರೆತಂದಳು.

ರೊಟ್ಟಿ ಬಡಿಯುವುದನ್ನು ಕಲಿಸಿದವಳೂ ಅವಳೇ. ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದ ಕೈಗೆ ಜೋಳದ ಹಿಟ್ಟು ಒಗ್ಗುವುದಿಲ್ಲ. ತಟ್ಟಿದಂತೆ ಅಂಚು ಬಿರಿಯುತ್ತದೆ, ಎತ್ತಿದರೆ ನಡುವೆ ಹರಿಯುತ್ತದೆ. ಬಿಸಿನೀರು ಎಷ್ಟು, ನಾದುವುದು ಎಷ್ಟು ಹೊತ್ತು ಎಂದು ನನ್ನ ಕೈಯ ಮೇಲೆ ಕೈಯಿಟ್ಟು ತೋರಿಸಿದಳು. ಒಂದು ತಿಂಗಳ ಮೇಲೆ ಮೊದಲ ಬಾರಿಗೆ ಹರಿಯದ ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಅದನ್ನು ನಾವು ತಿನ್ನಲಿಲ್ಲ. ಇಮಾಂಬಿ ಪುಂಡಿಪಲ್ಯದ ಜೊತೆ ಕಟ್ಟಿಕೊಂಡು ಹೋಗಿ ತನ್ನ ಮನೆಯಲ್ಲಿ ಕೂತು ತಿಂದಳು.

ಎರಡನೆಯ ವರ್ಷ ನನಗೆ ಐದು ತಿಂಗಳ ಬಸಿರು ಇಳಿಯಿತು. ದೇವದಾಸರು ಯಲಬುರ್ಗಿಯ ಕಡೆ ಹೋಗಿದ್ದರು. ನನ್ನ ತಾಯಿ ಮಾಡಬೇಕಾದ ಕೆಲಸವನ್ನೆಲ್ಲ ಇಮಾಂಬಿ ಮಾಡಿದಳು. ಒಂದು ವಾರ ನನ್ನನ್ನು ಏಳಗೊಡಲಿಲ್ಲ. ತನ್ನ ಇಬ್ಬರು ಮಕ್ಕಳು ತೀರಿಹೋದದ್ದನ್ನು ಮಾತ್ರ, ಬೇರೇನೂ ಸಮಾಧಾನ ಹೇಳದೆ, ನೀರು ಕಾಯಿಸುತ್ತ ಹೇಳಿದಳು. ಇದನ್ನು ಏಕೆ ಬರೆಯುತ್ತಿದ್ದೇನೆ ಎಂದರೆ, ಮುಂದೆ ನಾನು ಮಾಡಿದ್ದು ಯಾರಿಗೆ ಮಾಡಿದ್ದು ಎಂದು ನೀವು ತಿಳಿಯಬೇಕು.

ಆ ವರ್ಷಗಳಲ್ಲಿ ಪ್ರತಿ ಭಾನುವಾರ ದವಾಖಾನೆಯ ಮುಂದಿನ ಬೇವಿನ ನೆರಳಿನಲ್ಲಿ ದೇವದಾಸರು ಮಾತಾಡುತ್ತಿದ್ದರು. ಬರುವವರು ಹತ್ತು ಮಂದಿ, ಕೆಲವೊಮ್ಮೆ ಇಬ್ಬರು. ತಪ್ಪದೆ ಬರುತ್ತಿದ್ದವರು ನೀಲವ್ವನ ಮಾವ ಸಂಗಪ್ಪನವರು. ಜೋಳ ತೊಗರಿ ಬೆಳೆಯುವ ರೈತ, ಕೊರಳಲ್ಲಿ ಲಿಂಗ. ಮತ ಬಿಡುವ ಆಸೆಯಿಂದ ಬಂದವರಲ್ಲ. ತೂಕದ ಮಾತು ಎಲ್ಲಿದ್ದರೂ ಕೂತು ಕೇಳಬೇಕು ಎನ್ನುವವರು. ದೇವದಾಸರು ಹೇಳುತ್ತಿದ್ದದ್ದು ನಮಗೆಲ್ಲ ಚಿಕ್ಕಂದಿನಿಂದ ಬಾಯಿಪಾಠವಾದದ್ದೇ. ಪಾಪವೆಂದರೆ ಕಳವು ಕೊಲೆ ಮಾತ್ರವಲ್ಲ. ಮನುಷ್ಯನ ಹೃದಯವೇ ದೇವರಿಗೆ ಬೆನ್ನು ಮಾಡಿ ತನ್ನ ಕಡೆಗೆ ಬಾಗಿಕೊಂಡಿದೆ. ಆ ಬಾಗನ್ನು ತಾನೇ ನೆಟ್ಟಗೆ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ನಮ್ಮ ಭಾರವನ್ನು ಕ್ರಿಸ್ತನು ತನ್ನ ಮೇಲೆ ಹೊತ್ತುಕೊಂಡನು. ಸಂಗಪ್ಪನವರು ಎಲ್ಲವನ್ನೂ ಕೇಳಿ, ಕೊನೆಗೆ ಪ್ರತಿಸಲವೂ ಅಲ್ಲಿಗೇ ಬರುತ್ತಿದ್ದರು.

“ನಾ ಮಾಡಿದ್ದನ್ನ ಏನೂ ಮಾಡದಾಂವ ಹೊತ್ಕೊಂಡ್ರ, ಅದು ನ್ಯಾಯ ಹೆಂಗ ಆಗ್ತೈತ್ರಿ ಉಪದೇಶಿಗಳ?”

ನಾನು ಒಳಗೆ ಬಟ್ಟೆಪಟ್ಟಿ ಸುತ್ತುತ್ತ ಕೇಳಿಸಿಕೊಳ್ಳುತ್ತಿದ್ದೆ. ಇವರಿಗೆ ಪಾಪ ಎಂದರೆ ಅರ್ಥವಾಗುವುದೇ ಇಲ್ಲವಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದೆ. ನನಗೆ ಅರ್ಥವಾಗಿದೆ ಎಂಬುದರಲ್ಲಿ ಸಂಶಯವಿರಲಿಲ್ಲ. ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಲ್ಲ, ಆದರೆ ಕಾಲಿಟ್ಟು ನೋಡದ ಊರಿನ ಹಾಗೆ ನನಗೆ ಅದು ಗೊತ್ತಿತ್ತು.

ಮೂರನೆಯ ವರ್ಷ ಜೋಳದ ರಾಶಿ ಮುಗಿಯುವ ಹೊತ್ತಿಗೆ ಊರಿಗೆಲ್ಲ ಕಣ್ಣುಬೇನೆ ಹತ್ತಿತು. ಗಾಳಿಯ ತುಂಬ ಹೊಟ್ಟು, ಧೂಳು. ಬೆಳಗಾದರೆ ದವಾಖಾನೆಯ ಮುಂದೆ ಕೆಂಪು ಕಣ್ಣುಗಳ ಸಾಲು. ಅದಕ್ಕೆ ನಾವು ಹಾಕುತ್ತಿದ್ದದ್ದು ಬೆಳ್ಳಿಯ ಉಪ್ಪಿನಿಂದ ಮಾಡಿದ ಹನಿ. ಅದರಲ್ಲಿ ಎರಡು ಶೀಶೆ. ತಿಳಿಯಾಗಿ ಮಾಡಿದ್ದು ಕಣ್ಣಿಗೆ. ಗಟ್ಟಿಯಾದದ್ದು ಕೊಳೆತ ಹುಣ್ಣು ಸುಡಲಿಕ್ಕೆ. ಅದನ್ನು ಬೀಗದ ಕಪಾಟಿನಲ್ಲಿ ಇಡಬೇಕು ಎಂಬುದು ಕಟ್ಟುನಿಟ್ಟಿನ ನಿಯಮ. ಒಂದು ಮಧ್ಯಾಹ್ನ ಕುರುಬನೊಬ್ಬನ ಕಾಲಿನ ಹುಣ್ಣು ಸುಟ್ಟು, ಅಷ್ಟರಲ್ಲಿ ಹೆರಿಗೆಗೆ ಕರೆ ಬಂದದ್ದರಿಂದ ಶೀಶೆಯನ್ನು ಕಣ್ಣಿನ ಔಷಧಿಯ ತಟ್ಟೆಯಲ್ಲೇ ಬಿಟ್ಟು ಹೊರಟುಹೋದೆ. ಮರುದಿನ ಬೆಳಿಗ್ಗೆ ಚೀಟಿ ಓದದೆ ಅದನ್ನೇ ಎತ್ತಿಕೊಂಡೆ. ಸಾಲಿನಲ್ಲಿ ಮೊದಲು ಕೂತವಳು ನೀಲವ್ವ. ಬಲಗಣ್ಣಿಗೆ ಎರಡು ಹನಿ ಬಿಟ್ಟೆ.

ಅವಳು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಉಪ್ಪುನೀರು ಹಾಕಿ ತೊಳೆದೆ, ಮತ್ತೆ ಮತ್ತೆ ತೊಳೆದೆ. ಇಮಾಂಬಿ ಅವಳ ತಲೆ ಹಿಡಿದು ಕುಳಿತಿದ್ದಳು. ಆ ಗಲಿಬಿಲಿಯಲ್ಲಿ ತಟ್ಟೆಯ ಮೇಲಿನ ಶೀಶೆಯ ಚೀಟಿ ಓದಿದೆ. ಓದಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಹತ್ತು ದಿನದ ಮೇಲೆ ನಮ್ಮ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ತಿಂಗಳ ತಪಾಸಣೆಗೆ ಬಂದರು. ನೀಲವ್ವನ ಕಣ್ಣು ನೋಡಿ, ಕರಿಗುಡ್ಡೆಯ ಮೇಲೆ ಹೂವು ಬಿದ್ದಿದೆ, ಈ ಕಣ್ಣಿಗೆ ಇನ್ನು ಬೆಳಕು ಕತ್ತಲೆ ಅಷ್ಟೇ ತಿಳಿದೀತು ಎಂದರು. ಆಮೇಲೆ ನನ್ನನ್ನು ಒಳಗೆ ಕರೆದು, ಶೀಶೆ ತೊಳೆದು ಜೋಡಿಸಿಡುವವರು ಯಾರು ಎಂದು ಕೇಳಿದರು.

“ಇಮಾಂಬಿ” ಎಂದೆ.

“ಆಕೆಗೆ ಓದಲು ಬರುತ್ತದೆಯೇ?”

“ಇಲ್ಲ.”

ನಾನು ಹೇಳಿದ್ದು ಅಷ್ಟೇ. ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಡಾಕ್ಟರಮ್ಮ ತಾವೇ ಉಳಿದದ್ದನ್ನು ಕೂಡಿಸಿಕೊಂಡರು. ಸಂಜೆಯೊಳಗೆ ಇಮಾಂಬಿಯನ್ನು ಕೆಲಸದಿಂದ ತೆಗೆದರು. ಅವಳು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹರವಿ, ನನ್ನ ಕಡೆ ಒಂದು ಸಲ ನೋಡಿ ಹೋದಳು. ವಾರದೊಳಗೆ ಊರನ್ನೇ ಬಿಟ್ಟು ಕನಕಗಿರಿಯ ತಂಗಿಯ ಮನೆಗೆ ಹೊರಟುಹೋದಳೆಂದು ಸುದ್ದಿ ಬಂತು. ಹೆಣ್ಣಿನ ಕಣ್ಣು ಕಳೆದವಳು ಎಂಬ ಮಾತು ಊರಿನಲ್ಲಿ ಹಬ್ಬಿ, ಅವಳಿಗೆ ಯಾರ ಮನೆಯಲ್ಲೂ ಕೆಲಸ ಸಿಗದೆ ಹೋಗಿತ್ತು.

ನನ್ನೊಳಗೆ ವಕೀಲನೊಬ್ಬ ಎದ್ದು ನಿಂತಿದ್ದ. ನೀನು ಹೇಳಿಬಿಟ್ಟರೆ ನಿನ್ನನ್ನು ವಾಪಸು ಕರೆಸುತ್ತಾರೆ, ದವಾಖಾನೆ ಮುಚ್ಚುತ್ತದೆ, ಇಲ್ಲಿಯ ಬಸುರಿ ಹೆಂಗಸರ ಗತಿ ಏನು, ಇಮಾಂಬಿಗೆ ತಂಗಿಯಿದ್ದಾಳೆ, ನಡೆಯುತ್ತದೆ. ಅವನು ಹೇಳಿದ್ದೆಲ್ಲ ಒಪ್ಪುವಂತೆಯೇ ಇತ್ತು. ಆದರೆ ರೊಟ್ಟಿ ಬಡಿಯಲು ಕೂತರೆ ಕೈ ಓಡುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ಪಾದ್ರಿಯವರು ಬಂದು, ಪಾಪ ಅರಿಕೆ ಮಾಡದವರು ಮುಟ್ಟಬಾರದ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನ ನಡೆಸುವಾಗ ತಲೆನೋವೆಂದು ಒಳಗೆ ಮಲಗಿದೆ. ಒಂದು ಸಲ ಅಲ್ಲ, ಎರಡು ಸಲ. ದೇವದಾಸರು ಕಷಾಯ ಮಾಡಿಕೊಟ್ಟರು. ಪ್ರಾರ್ಥನೆಯಲ್ಲಿ ಎಲ್ಲವನ್ನೂ ಹೇಳುತ್ತಿದ್ದೆ, ಆ ಒಂದು ಶೀಶೆಯ ಸುತ್ತ ಮಾತ್ರ ಸುತ್ತು ಬಳಸಿ ದಾಟುತ್ತಿದ್ದೆ. ಹೀಗೆ ಏಳು ತಿಂಗಳು.

ಒಂದು ಮಂಗಳವಾರ ನೀಲವ್ವ ದವಾಖಾನೆಗೆ ಬಂದಳು. ಮೊಣಕಾಲು ಮೊಣಕೈ ಎಲ್ಲ ತರಚಿ ಕೀವಾಗಿತ್ತು. ಹುಲಿಗಿಗೆ ಹೋಗಿ ಹುಲಿಗೆಮ್ಮನ ಗುಡಿಯ ಸುತ್ತ ದೀಡ ನಮಸ್ಕಾರ ಹಾಕಿ ಬಂದಿದ್ದಳಂತೆ. ಅಂದರೆ ನೆಲಕ್ಕೆ ಉದ್ದಕ್ಕೆ ಬಿದ್ದು, ಎದ್ದು, ಮತ್ತೆ ಬಿದ್ದು, ಸುತ್ತು ಪೂರೈಸುವ ಹರಕೆ. ಗಾಯ ತೊಳೆಯುತ್ತಿದ್ದಾಗ ಅವಳು ತನ್ನ ಒಂದೇ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು.

“ಅಕ್ಕಾರ, ನಿಮಗ ಇಂಥಾವು ಗೊತ್ತಿರ್ತಾವು, ಹೇಳ್ರಿ” ಎಂದಳು. “ನಾ ಯಾವ ಪಾಪ ಮಾಡಿರಬೇಕು? ಭಾಳ ವಿಚಾರ ಮಾಡೀನಿ. ಈ ಜನ್ಮದಾಗಂತೂ ನೆನಪಾಗವಲ್ದು.”

ಕಣ್ಣು ಕಳೆದುಕೊಂಡವಳು ತನ್ನ ಪಾಪ ಹುಡುಕಿಕೊಂಡು ಹುಲಿಗಿಯ ನೆಲದ ಮೇಲೆ ಮೈ ಉಜ್ಜಿಕೊಂಡಿದ್ದಳು. ಕಳೆದವಳು ಬಿಳಿ ಸೀರೆ ಉಟ್ಟು ಅವಳ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಳು. ಪಟ್ಟಿಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋಗಿ ಗೋಡೆಗೆ ಮುಖ ಹಚ್ಚಿ ನಿಂತೆ. ನನ್ನೊಳಗಿನ ವಕೀಲನಿಗೆ ಆ ದಿನ ಮಾತು ಹೊರಡಲಿಲ್ಲ. ದೇವದಾಸರು ಬೇವಿನ ಕೆಳಗೆ ವರ್ಷಗಟ್ಟಲೆ ಹೇಳಿದ್ದು ಅಲ್ಲಿ, ಆ ಗೋಡೆಯ ಬಳಿ ನನಗೆ ತಿಳಿಯಿತು. ಶೀಶೆ ಮರೆತದ್ದು ಕೈಯ ತಪ್ಪು. ಅದನ್ನು ಮುಚ್ಚಲು ನನ್ನನ್ನು ತಾಯಿಯಂತೆ ನೋಡಿಕೊಂಡವಳನ್ನು ಬಲಿ ಕೊಡುವಷ್ಟು ನನ್ನ ಹೃದಯ ಸಿದ್ಧವಾಗಿಯೇ ಇತ್ತು. ಬಹಳ ಹಿಂದಿನಿಂದಲೇ ಸಿದ್ಧವಾಗಿತ್ತು, ಅವಕಾಶವೊಂದು ಬಂದಿರಲಿಲ್ಲ ಅಷ್ಟೆ.

ಅಂದು ಮಧ್ಯಾಹ್ನ ದೇವದಾಸರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಊರಿಗೆಲ್ಲ ಪಾಪದ ಮಾತು ಹೇಳುತ್ತಿದ್ದ ತನಗೆ ಎದುರಿಗೆ ಕೂತು ಉಣ್ಣುವವಳ ಮುಖ ಓದಲು ಬರಲಿಲ್ಲವಲ್ಲ ಎಂದು ತಮ್ಮನ್ನೇ ಹಳಿದುಕೊಂಡರು. ಆಮೇಲೆ ಡಾಕ್ಟರಮ್ಮನಿಗೆ ಬರೆಯಲು ಕಾಗದ ಮಸಿ ತಂದು ನನ್ನ ಮುಂದಿಟ್ಟರು. ಬರೆದೆ.

ಇನ್ನು ಎರಡು ಮನೆಗೆ ಹೋಗಬೇಕಿತ್ತು. ಸಂಗಪ್ಪನವರ ಮನೆ ಹಿಂದಿನ ಓಣಿಯಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ. ಕನಕಗಿರಿಗೆ ಒಂದು ದಿನದ ದಾರಿ. ನಾನು ಕನಕಗಿರಿಗೆ ಮೊದಲು ಹೊರಟೆ. ಹತ್ತಿರದ್ದಕ್ಕಿಂತ ದೂರದ್ದೇ ಸುಲಭವೆನಿಸಿತು.

ಮರುದಿನ ಅಲ್ಲಿ ಸಂತೆಯಾದ್ದರಿಂದ ರಾತ್ರಿಯೇ ಹೊರಡುವ ಗಾಡಿಗಳು ಸಿಕ್ಕವು. ಇಮಾಂಬಿಯ ತಂಗಿ ಬಳೆಗಾರ್ತಿ. ಸಂತೆಯ ನಡುವೆ ಹಾಸಿದ ಗೋಣಿಯ ಮೇಲೆ ಇಮಾಂಬಿಯೂ ಕೂತು, ಹುಡುಗಿಯೊಬ್ಬಳ ಕೈ ಹಿಡಿದು ಹಸಿರು ಬಳೆ ಏರಿಸುತ್ತಿದ್ದಳು. ಸೊರಗಿದ್ದಳು. ನನ್ನನ್ನು ಕಂಡು, ಏರುತ್ತಿದ್ದ ಬಳೆಯನ್ನು ಒಡೆಯದ ಹಾಗೆ ನಿಧಾನವಾಗಿ ಏರಿಸಿ ಮುಗಿಸಿ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಸುತ್ತ ಜನ ಓಡಾಡುತ್ತಿದ್ದರು. ಶೀಶೆ ಇಟ್ಟವಳು ನಾನು, ನೀನಲ್ಲ, ಎಂದಷ್ಟೇ ಹೇಳಿದೆ.

“ಗೊತ್ತೈತಿ ಬೇಟಿ” ಎಂದಳು ಇಮಾಂಬಿ. “ನೀ ಅದನ್ನ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ದು ನೋಡೇನಿ. ಆಕಿ ತಲಿ ಹಿಡಕೊಂಡಿದ್ದೆ, ಕಣ್ಣ ಮುಚ್ಚಿದ್ದಿಲ್ಲ.”

ಹಾಗಾದರೆ ಡಾಕ್ಟರಮ್ಮನ ಮುಂದೆ ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಗೋಣಿಯ ಮೇಲೆ ಉದುರಿದ ಬಳೆಚೂರುಗಳನ್ನು ಬೆರಳಿನಿಂದ ಒಂದು ಕಡೆ ಕೂಡಿಸುತ್ತ ಉತ್ತರಿಸಿದಳು.

“ನೀ ಹೋದ್ರ ದವಾಖಾನಿ ಹೋಗ್ತಿತ್ತು. ನಾ ಹೋದ್ರ ಕಸಬರಿಗಿ ಹಿಡಿಯಾಕಿ ಒಬ್ಬಾಕಿ ಹೋಗ್ತಿದ್ಲು. ಅದಕ್ಕ ಹೊತ್ಕೊಂಡೆ. ಹಂಗಂತ ನಾ ದೊಡ್ಡಾಕಿ ಅಂತ ತಿಳೀಬ್ಯಾಡ. ಭಾಳ ಸಿಟ್ಟಿತ್ತು. ಇವತ್ತು ಬರ್ತಾಳ, ನಾಳಿ ಬರ್ತಾಳ ಅಂತ ದಾರಿ ನೋಡೀನಿ. ನೀ ಬರದಿದ್ರ ಆ ಸಿಟ್ಟಿನ್ಯಾಗ ಸಾಯ್ತಿದ್ನೇನೋ.”

ಸಂಗಪ್ಪನವರು ಕೇಳುತ್ತಿದ್ದ ಪ್ರಶ್ನೆಗೆ ಆ ಸಂತೆಯಲ್ಲಿ ನನಗೆ ಉತ್ತರ ಸಿಕ್ಕಿತು ಎಂದು ಹೇಳಲಾರೆ. ಏನೂ ಮಾಡದವಳು ನನ್ನದನ್ನು ಹೊತ್ತದ್ದು ನ್ಯಾಯವಲ್ಲ. ಅವರು ಹೇಳಿದ್ದು ಸರಿ. ನ್ಯಾಯವೇ ನಡೆದಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ. ಕ್ರೈಸ್ತಳಲ್ಲದ ಆ ಮುದುಕಿ, ಶಿಲುಬೆಯ ಬಗ್ಗೆ ನಾನು ಬಾಯಿಪಾಠ ಮಾಡಿದ್ದನ್ನು ಏಳು ತಿಂಗಳು ತನ್ನ ಮೈಮೇಲೆ ಹೊತ್ತಿದ್ದಳು. ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ತಡೆದು, ತನ್ನ ಕಡೆ ಬಂದದ್ದು ಛಲೋ ಆಯಿತು, ಆದರೆ ಮೊದಲು ಹೋಗಬೇಕಾದ ಮನೆ ಇದಲ್ಲ ಎಂದಳು. ಮತ್ತೆ ಕುಷ್ಟಗಿಗೆ ಬಾ ಎಂದು ಬೇಡಿಕೊಂಡರೆ ಒಪ್ಪಲಿಲ್ಲ. ಇಲ್ಲಿ ತನಗೆ ಒಗ್ಗಿದೆ, ಬಳೆಯ ಕೆಲಸ ಕೈಹಿಡಿದಿದೆ ಎಂದಳು.

ಕುಷ್ಟಗಿಗೆ ಮರಳಿದ ಮರುದಿನ ಸಂಗಪ್ಪನವರ ಅಂಗಳದಲ್ಲಿ ಮನೆಯವರೆಲ್ಲರ ಮುಂದೆ ಹೇಳಿದೆ. ದೇವದಾಸರು ನನ್ನ ಪಕ್ಕದಲ್ಲಿ ನಿಂತಿದ್ದರು. ನೀಲವ್ವ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುವ ಹೊದಿಕೆ ಅದು. ಮೊದಲು ಅವಳ ಹೊಲಿಗೆ ಇರುವೆ ಸಾಲಿನ ಹಾಗೆ ನೇರವಾಗಿರುತ್ತಿತ್ತು, ಈಗ ಓರೆಯಾಗಿ ಓಡಿತ್ತು. ಅವಳು ತಲೆಯೆತ್ತಲಿಲ್ಲ. ಸಂಗಪ್ಪನವರ ಮುಖ ಮಾತ್ರ ಕಲ್ಲಿನಂತಾಯಿತು.

“ಒಪ್ಕೊಂಡ್ರಿ” ಎಂದರು. “ಒಪ್ಕೊಂಡ್ರ ಕಣ್ಣ ಬರ್ತೈತೇನ್ರಿ?”

ಇಲ್ಲ ಎಂದೆ. ಹೋಗಿ ಎಂದರು. ಬಂದೆವು. ಮುಂದಿನ ಭಾನುವಾರ ಬೇವಿನ ಕೆಳಗೆ ಅವರು ಬರಲಿಲ್ಲ. ಯಾರೂ ಬರಲಿಲ್ಲ.

ಡಾಕ್ಟರಮ್ಮನ ಉತ್ತರ ಬಂತು. ಒಂದು ವರ್ಷ ನಾನು ಯಾರಿಗೂ ಔಷಧಿ ಕೊಡಕೂಡದು, ಬೇರೊಬ್ಬರನ್ನು ಕಳಿಸುತ್ತಾರೆ, ಹೆರಿಗೆಗೆ ಯಾರಾದರೂ ಕರೆದರೆ ಮಾತ್ರ ಹೋಗಬಹುದು. ಇಮಾಂಬಿಯ ಕ್ಷಮೆ ಕೇಳಿ ಅವಳಿಗೂ ಪತ್ರ ಬರೆದಿದ್ದರು, ಅದನ್ನು ದೇವದಾಸರು ಹೋಗಿ ಓದಿ ಹೇಳಿ ಬಂದರು. ಶೀಶೆ ತೊಳೆಯುವ ಕೆಲಸ ನಾನು ವಹಿಸಿಕೊಂಡೆ. ಹೆರಿಗೆಗೆ ಒಬ್ಬರೂ ಕರೆಯಲಿಲ್ಲ.

ಆಗ ನಾನು ಇನ್ನೊಂದು ದಾರಿ ಹಿಡಿದೆ. ದಿನಾ ಬೆಳಿಗ್ಗೆ ನೀಲವ್ವನ ಮನೆಗೆ ಹೋಗಿ ಕಸ ಹೊಡೆಯುವುದು, ಜೋಳ ಹಸನು ಮಾಡುವುದು, ಅವಳ ಸೂಜಿಗೆ ದಾರ ಪೋಣಿಸಿಡುವುದು. ಅವಳ ಅತ್ತೆ ಬೇಡವೆನ್ನಲಿಲ್ಲ. ಎರಡು ತಿಂಗಳು ಹೀಗೆ ನಡೆಯಿತು. ಮನಸ್ಸಿಗೆ ಸ್ವಲ್ಪ ಸ್ವಲ್ಪ ನೆಮ್ಮದಿಯೂ ಆಗತೊಡಗಿತ್ತು. ಒಂದು ದಿನ ನೀಲವ್ವ ನನ್ನ ಕೈಯಿಂದ ಸೂಜಿ ತೆಗೆದುಕೊಂಡಳು.

“ನಾಳಿಂದ ಬರಬ್ಯಾಡ್ರಿ ಅಕ್ಕಾರ. ನೀವು ನಿಮ್ಮ ಭಾರ ಇಳಸ್ಕೊಳ್ಳಾಕ ಬರ್ತೀರಿ. ದಿನಾ ಅದನ್ನ ನೋಡೋದು ನನಗ ಆಗವಲ್ದು.”

ಇದಕ್ಕಿಂತ ಚೆನ್ನಾಗಿ ಆ ಮಾತನ್ನು ಯಾವ ಪಾದ್ರಿಯೂ ನನಗೆ ಹೇಳಿರಲಿಲ್ಲ. ಅವಳಿಗಾಗಿ ಎಂದುಕೊಂಡು ಮಾಡಿದ್ದೆಲ್ಲ ನನಗಾಗಿಯೇ ಇತ್ತು. ನನ್ನ ಪಾಪವನ್ನು ನಾನೇ ತೊಳೆದುಕೊಳ್ಳಲು ಅವಳ ಅಂಗಳವನ್ನು ಬಾವಿಕಟ್ಟೆ ಮಾಡಿಕೊಂಡಿದ್ದೆ. ಮನೆಗೆ ಬಂದು ಕೂತೆ. ಮಾಡಲು ಏನೂ ಉಳಿದಿರಲಿಲ್ಲ. ಬಿಡುಗಡೆ ಬರುವುದಿದ್ದರೆ ಹೊರಗಿನಿಂದ ಬರಬೇಕು, ನಾನು ಕೈಯೊಡ್ಡಬಹುದು ಅಷ್ಟೆ. ಆ ದಿನ ನಾನು ಮಾಡಿದ ಪ್ರಾರ್ಥನೆಯಲ್ಲಿ ವಾಕ್ಯವೇ ಇರಲಿಲ್ಲ. ಮುಂದಿನ ಸಲ ಪಾದ್ರಿಯವರು ಬಂದಾಗ ಅವರ ಮುಂದೆ ಎಲ್ಲ ಅರಿಕೆ ಮಾಡಿಕೊಂಡು ಕರ್ತನ ಭೋಜನಕ್ಕೆ ಹೋದೆ. ಯೋಗ್ಯಳಾದೆನೆಂದು ಹೋಗಲಿಲ್ಲ, ಹೋಗದೆ ಬದುಕಲಾರೆನೆಂದು ಹೋದೆ.

ಅದಾಗಿ ಒಂಬತ್ತು ತಿಂಗಳ ಮೇಲೆ, ಬೆಳಗಿನ ಹೊತ್ತು ನಾನು ಶೀಶೆ ತೊಳೆಯುತ್ತಿದ್ದಾಗ ಸಂಗಪ್ಪನವರು ದವಾಖಾನೆಯ ಬಾಗಿಲಲ್ಲಿ ಬಂದು ನಿಂತರು. ಅಷ್ಟು ದಿನದಲ್ಲಿ ನನ್ನ ಮುಖ ನೋಡಿ ಮಾತಾಡಿರಲಿಲ್ಲ. ನೀಲವ್ವನಿಗೆ ಹಿಂದಿನ ದಿನದಿಂದ ನೋವು, ಸೂಲಗಿತ್ತಿ ಕೈಚೆಲ್ಲಿದ್ದಳು. ಯಾರನ್ನು ಕರೆಸಲಿ ಎಂದು ಕೇಳಿದರೆ ಸೊಸೆ ನಿಮ್ಮ ಹೆಸರು ಹೇಳಿದಳು ಎಂದರು. ತಮಗೆ ಮನಸ್ಸಿರಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಕೂಸು ಅಡ್ಡ ತಿರುಗಿತ್ತು. ಬಿಸಿನೀರು ಹಾಕಿ ಕೈ ತೊಳೆದೆ, ಅವಳನ್ನು ಮುಟ್ಟಲು ಮುಂದಾಗದೆ ಮತ್ತೆ ಮತ್ತೆ ತೊಳೆದೆ. ಅದು ನೀಲವ್ವನಿಗೆ ಕಂಡಿತು. ನೋವು ಬಿಟ್ಟು ಬರುವ ನಡುವೆ ಅವಳು ನನ್ನ ಮಣಿಕಟ್ಟು ಹಿಡಿದಳು.

“ಮಾಫಿ ಅಂತ ಬಾಯಿಲೆ ಹೇಳಾಕ ನನಗ ಬರಂಗಿಲ್ರಿ” ಎಂದಳು. “ಕೂಸನ್ನ ನಿಮ್ಮ ಕೈಯಾಗ ಕೊಡಾಕತ್ತೀನಿ. ಹಿಡೀರಿ.”

ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸನ್ನು ತಿರುಗಿಸತೊಡಗಿದೆ. ಸೂರ್ಯ ನೆತ್ತಿಗೆ ಬರುವ ಮುನ್ನ ಹೆಣ್ಣು ಕೂಸು ಹುಟ್ಟಿತು. ಅಳಲಿಕ್ಕೆ ಸ್ವಲ್ಪ ತಡಮಾಡಿ ನಮ್ಮೆಲ್ಲರ ಜೀವ ಹಿಂಡಿ, ಆಮೇಲೆ ಓಣಿಗೆ ಕೇಳುವಂತೆ ಅತ್ತಿತು. ನಾನು ಅದನ್ನು ಒರೆಸಿ, ಕೌದಿಯಲ್ಲಿ ಸುತ್ತಿ ತಾಯಿಯ ಎಡಗಡೆ ಮಲಗಿಸಿದೆ. ಆ ಕಡೆಯಿಂದ ಅವಳಿಗೆ ಕಾಣುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಸಂಗಪ್ಪನವರು ಅಳುತ್ತಿದ್ದರು. ಮುಂದಿನ ಭಾನುವಾರ ಬೇವಿನ ಕೆಳಗೆ ಬಂದು ಕೂತರು. ಅದರ ಮುಂದಿನ ವಾರದಿಂದ ಮತ್ತೆ ವಾದ ಶುರುವಾಯಿತು. ಇವತ್ತಿಗೂ ನಡೆದಿದೆ, ಲಿಂಗ ಅವರ ಕೊರಳಲ್ಲೇ ಇದೆ.

ಈ ನಡುವೆ ಯುದ್ಧ ಬಂದು ಮುಗಿಯಿತು. ದೇವದಾಸರ ಕೂದಲು ನೆರೆತಿದೆ. ಇಮಾಂಬಿ ವರ್ಷಕ್ಕೊಮ್ಮೆ ಬಂದು ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗುತ್ತಾಳೆ. ನನ್ನ ರೊಟ್ಟಿ ಇನ್ನೂ ದಪ್ಪವೆಂದು ಹೇಳುವುದನ್ನು ಬಿಟ್ಟಿಲ್ಲ. ನನಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲಸ ಕೊಡುತ್ತೇವೆ, ಬನ್ನಿ ಎಂದು ಎರಡು ಸಲ ಕರೆ ಬಂದಿತ್ತು. ಕಳೆದ ವರ್ಷ ರಜೆಯ ಮೇಲೆ ಬಂದಾಗ ಆ ಮಾತನ್ನು ನಿಜವಾಗಿಯೂ ಯೋಚಿಸಿದೆ. ಅಮ್ಮನಿಗೆ ವಯಸ್ಸಾಗಿದೆ. ಸಮುದ್ರದ ಗಾಳಿ ಮುಖಕ್ಕೆ ಬಡಿದಾಗ, ಇಷ್ಟು ವರ್ಷ ಇದಿಲ್ಲದೆ ಹೇಗೆ ಉಸಿರಾಡಿದೆ ಎನಿಸಿತು. ಮೀನುಸಾರಿನ ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು.

ಆ ಭಾನುವಾರ ಸಭೆಯಲ್ಲಿ ನಿಮ್ಮ ಜೊತೆ ಕೂತೆ. ಕುಷ್ಟಗಿಯಲ್ಲಿ ಎಷ್ಟು ಆತ್ಮಗಳು ರಕ್ಷಣೆ ಹೊಂದಿದವು ಎಂದು ನಿಮ್ಮಲ್ಲಿ ಕೆಲವರು ಪ್ರೀತಿಯಿಂದಲೇ ಕೇಳಿದಿರಿ. ಒಂದು ಆತ್ಮದ ಸಂಗತಿ ಮಾತ್ರ ನನಗೆ ಚೆನ್ನಾಗಿ ಗೊತ್ತು, ಅದು ಹೋಗುವಾಗ ನಿಮ್ಮೂರಿನಿಂದಲೇ ಟ್ರಂಕಿನ ಜೊತೆ ಹೊತ್ತುಕೊಂಡು ಹೋದದ್ದು.

ಆಮೇಲೆ ಎಲ್ಲರೂ ಎದ್ದು ನಿಂತು ಹಾಡಿದೆವು. ಸ್ತುತಿಯೆಲ್ಲ ನನಗೆ ತುಳುವಿನಲ್ಲೇ ಬಂತು, ಹಾಲು ಕುಡಿದ ಭಾಷೆಯಲ್ಲಿ, ತಡೆಯಿಲ್ಲದೆ. ಪಾಪದ ಅರಿಕೆಗೆ ಮೊಣಕಾಲೂರಿದಾಗ ಮಾತ್ರ ತುಳು ಬಾಯಿಗೆ ಬರಲಿಲ್ಲ. ನೀವೆಲ್ಲ ಒಟ್ಟಾಗಿ ಹೇಳುತ್ತಿದ್ದಿರಿ, ನಾನು ನಿಮ್ಮ ನಡುವೆ, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ ಹೇಳಿಕೊಂಡೆ: “ನಂದು ತಪ್ಪಾಗೈತಿ, ಸ್ವಾಮಿ.” ರಜೆ ಇನ್ನೂ ಹತ್ತು ದಿನ ಉಳಿದಿತ್ತು. ಮರುದಿನ ಬೆಳಿಗ್ಗೆ ಅಮ್ಮ ಕೇಳುವ ಮೊದಲೇ ಕುಷ್ಟಗಿಗೆ ಮರಳಲು ಟ್ರಂಕು ಕಟ್ಟತೊಡಗಿದೆ. ಕಟ್ಟುತ್ತ ಅಳುತ್ತಲೂ ಇದ್ದೆ.